ಮೈಸೂರಲ್ಲಿ ವರ್ಷಪೂರ್ತಿ ಸಂಗೀತ: ಯಾವ ಕಛೇರಿಗೆ ಹೋಗಬೇಕು, ಯಾವ ಆಲ್ಬಂ ಕೊಳ್ಳಬೇಕು

ಮೈಸೂರಿನಲ್ಲಿ ಸಂಗೀತ ಸಿಗುವುದು ಕಷ್ಟವಲ್ಲ, ಆರಿಸುವುದು ಕಷ್ಟ. ಗಣೇಶನ ಹಬ್ಬ ಶುರುವಾದರೆ ವಿಜಯದಶಮಿ ಮುಗಿಯುವವರೆಗೂ ಕಛೇರಿಗಳ ಸುಗ್ಗಿ. ದಸರಾ ದಿನಗಳಲ್ಲಂತೂ ಒಂದೇ ಸಂಜೆ ಅರಮನೆ, ಜಗನ್ಮೋಹನ, ಕಲಾಮಂದಿರ, ಗಾನಭಾರತಿ, ನಾದಬ್ರಹ್ಮ ಎಲ್ಲ ಕಡೆಯೂ ಕಾರ್ಯಕ್ರಮ ಇರುತ್ತದೆ. ಜನವರಿಗೆ ತ್ಯಾಗರಾಜರ, ಪುರಂದರದಾಸರ ಆರಾಧನೆ. ಏಪ್ರಿಲ್ ಬಂದರೆ ರಾಮನವಮಿ. ನಡುವೆ ಬೆಂಗಳೂರಿಗೆ ಯಾರೋ ಬರುತ್ತಾರೆ, ಯಾವುದೋ ಹೊಸ ಆಲ್ಬಂ ಬಿಡುಗಡೆಯಾಗುತ್ತದೆ. ಕೆಲಸ, ಮನೆ ಎಲ್ಲ ನೋಡಿಕೊಂಡು ನಮಗೆ ಉಳಿಯುವ ಸಂಜೆಗಳು ಕಮ್ಮಿ, ಜೇಬಿನ ದುಡ್ಡೂ ಕಮ್ಮಿ.

ಯಾವುದಕ್ಕೆ ಹೋಗೋಣ ಅಂತ ಗೆಳೆಯರು ಕೇಳುತ್ತಲೇ ಇರುತ್ತಾರೆ. ನಾನು ಹೇಳುವುದು ಒಂದೇ: ಹೆಸರು ನೋಡಿ ಹೋಗಬೇಡಿ, ಜಾಗ ನೋಡಿ ಹೋಗಿ. ಅದೇ ಕಲಾವಿದರು, ಅದೇ ರಾಗ, ಒಂದು ಕಡೆ ಕೇಳಿದರೆ ವಾರಗಟ್ಟಲೆ ಕಿವಿಯಲ್ಲೇ ಇರುತ್ತದೆ, ಇನ್ನೊಂದು ಕಡೆ ಕೇಳಿದರೆ ಪಾರ್ಕಿಂಗ್‌ಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ. ನೀವು ಎಷ್ಟು ಹತ್ತಿರ ಕೂರಬಹುದು, ಮೈಕು ಹೇಗಿರುತ್ತದೆ, ಪಕ್ಕದಲ್ಲಿ ಕೂತವರು ಯಾಕೆ ಬಂದಿದ್ದಾರೆ, ಕಲಾವಿದರಿಗೆ ಎಷ್ಟು ಹೊತ್ತು ಸಿಕ್ಕಿದೆ, ಇಷ್ಟು ಗೊತ್ತಾದರೆ ಸಾಕು. ಆಲ್ಬಂ ಆರಿಸುವಾಗಲೂ ಇದೇ ಲೆಕ್ಕ ನಡೆಯುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಅರಮನೆಯೋ, ಎಂಟನೇ ಕ್ರಾಸೋ?

ಹೊರಗಿನವರಿಗೆ ಮೈಸೂರಿನ ಸಂಗೀತ ಅಂದರೆ ದಸರಾ, ದಸರಾ ಅಂದರೆ ಅರಮನೆ ಮುಂದಿನ ವೇದಿಕೆ. ಅದನ್ನು ಒಂದು ಸಲವಾದರೂ ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ರಾಜ್ಯ ಸಂಗೀತ ವಿದ್ವಾನ್ ಪ್ರಶಸ್ತಿ ಕೊಡುವ ವೇದಿಕೆ ಅದು. ವೇದಿಕೆಯ ಹಿಂದೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಆದರೆ ದೀಪ ಹೊತ್ತಿದ ಗಳಿಗೆಯಲ್ಲಿ ಇಡೀ ಅಂಗಳ ಫೋನ್ ಎತ್ತುತ್ತದೆ. ಗಾಯಕರು ತೋಡಿ ರಾಗದ ಆಲಾಪನೆಯ (ಪದಗಳಿಲ್ಲದೆ ರಾಗ ಬಿಡಿಸುವುದು) ನಡುವೆ ಇರಲಿ, ಪಿಟೀಲಿನವರು ಆಗ ತಾನೇ ಉತ್ತರ ಶುರು ಮಾಡಿರಲಿ, ಯಾರಿಗೂ ಅದು ಬೇಡ. ಜನರನ್ನು ದೂರಿ ಪ್ರಯೋಜನವಿಲ್ಲ, ಅವರು ಬಂದಿರುವುದೇ ಅರಮನೆ ನೋಡುವುದಕ್ಕೆ, ದೂರದೂರಿಂದ ಮಕ್ಕಳನ್ನು ಕರೆದುಕೊಂಡು. ಜೊತೆಗೆ ಒಂದೇ ಸಂಜೆ ಒಂದರ ಹಿಂದೆ ಒಂದು ಕಾರ್ಯಕ್ರಮ ಇರುತ್ತದೆ. ಹಾಗಾಗಿ ಒಬ್ಬೊಬ್ಬರಿಗೆ ಸಿಗುವ ಹೊತ್ತು ಚಿಕ್ಕದು. ರಾಗಕ್ಕೆ ಕಾಲು ಚಾಚಿ ಕೂರುವಷ್ಟು ಸಮಯ ಇರುವುದಿಲ್ಲ.

ಹಾಗಂತ ಅಲ್ಲಿ ಏನೂ ಕೇಳಬಾರದು ಅಂತಲ್ಲ. ತೆರೆದ ಅಂಗಳಕ್ಕೆ ಹೇಳಿ ಮಾಡಿಸಿದ್ದು ಪೊಲೀಸ್ ಬ್ಯಾಂಡ್. ಊದುವ ವಾದ್ಯಗಳಿಗೆ ಮೈಕಿನ ಹಂಗೇ ಬೇಡ. ಟ್ರಂಪೆಟ್ಟು ಕಂಚಿನ ದನಿಯಲ್ಲಿ ಶುರುವಾದರೆ ಕೊನೆಯ ಸಾಲಿಗೂ ಸ್ಪಷ್ಟವಾಗಿ ಮುಟ್ಟುತ್ತದೆ. ಅರಮನೆಯಲ್ಲಿ ಹಿಂದಿನ ಕಾಲದಲ್ಲೇ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಅಂತ ಎರಡು ಇದ್ದವು, ಆ ಅಂಗಳಕ್ಕೂ ಬ್ಯಾಂಡಿಗೂ ಹಳೇ ನಂಟು. ನಾದಸ್ವರ, ಡೋಲು, ವಾದ್ಯವೃಂದ, ಫ್ಯೂಷನ್ ಇವೆಲ್ಲ ಅಲ್ಲಿ ಚೆನ್ನ. ಆದರೆ ತಂತಿ ಮೀಟಿ ನುಡಿಸುವ ವೀಣೆಯೋ ಸರೋದೋ ಇದ್ದರೆ ಮಾತ್ರ ದಯವಿಟ್ಟು ಬೇರೆ ಕಡೆ ಕೇಳಿ.

ಇನ್ನು ಎಂಟನೇ ಕ್ರಾಸ್. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನಲ್ಲಿ ಗಣೇಶನ ಹಬ್ಬಕ್ಕೆ ರಸ್ತೆಗೇ ಪೆಂಡಾಲ್ ಹಾಕಿ 1960ರ ದಶಕದಿಂದ ಕಛೇರಿ ನಡೆಸಿಕೊಂಡು ಬರುತ್ತಿದ್ದಾರೆ. ಟಿಕೆಟ್ ಇಲ್ಲ, ಪಾಸ್ ಇಲ್ಲ. ಕರ್ನಾಟಕ ಸಂಗೀತದ ದೊಡ್ಡ ದೊಡ್ಡ ವಿದ್ವಾಂಸರು ಬಂದು ಆ ರಸ್ತೆಯಲ್ಲಿ ಕೂತು ಪೂರ್ತಿ ಕಛೇರಿ ಮಾಡುತ್ತಾರೆ, ಅಂದರೆ ಶುರುವಿನ ವರ್ಣದಿಂದ ಹಿಡಿದು ಕೊನೆಯ ಮಂಗಳದವರೆಗೆ, ನಡುವೆ ಒಂದೇ ರಾಗವನ್ನು ವಿಸ್ತಾರವಾಗಿ ಬೆಳೆಸುವ ರಾಗ ತಾನ ಪಲ್ಲವಿಗೂ ಜಾಗ ಇಟ್ಟುಕೊಂಡು. ನನಗೆ ಕೇಳಿದರೆ ಊರಿನಲ್ಲಿ ಉಚಿತವಾಗಿ ಸಿಗುವ ಅತ್ಯುತ್ತಮ ಸಂಜೆಗಳು ಇವೇ.

ಅಲ್ಲಿ ಕೂತವರನ್ನು ಒಮ್ಮೆ ನೋಡಿ. ರಿಟೈರ್ ಆದ ಮೇಷ್ಟ್ರು ಒಬ್ಬರು ತೊಡೆಯ ಮೇಲೆ ಅಂಗೈ ತಿರುಗಿಸುತ್ತಾ ತಾಳ ಹಾಕುತ್ತಿರುತ್ತಾರೆ, ಪಕ್ಕದಲ್ಲಿ ಅವರ ಮೊಮ್ಮಗಳು ಬೆರಳು ಎಣಿಸಿಕೊಂಡು ಅದನ್ನೇ ಹಿಡಿಯಲು ನೋಡುತ್ತಾಳೆ, ಸಮ, ಅಂದರೆ ತಾಳದ ಮೊದಲ ಪೆಟ್ಟು, ಬಂದಾಗ ಇಬ್ಬರ ಕೈಯೂ ಒಟ್ಟಿಗೆ ಬಿದ್ದರೆ ಮಗು ತಾತನ ಮುಖ ನೋಡುತ್ತದೆ. ಗಾಯಕರು ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ನೆರವಲ್‌ಗೆ ಸಾಲು ಎತ್ತಿಕೊಂಡ ಕೂಡಲೇ ಹಿಂದಿನಿಂದ ಒಂದು "ಭೇಷ್" ಬರುತ್ತದೆ, ಅದು ವೇದಿಕೆಗೆ ಕೇಳಿಸುತ್ತದೆ, ಗಾಯಕರು ನಗುತ್ತಾರೆ, ಇನ್ನೊಂದು ಸುತ್ತು ಜಾಸ್ತಿ ಹಾಡುತ್ತಾರೆ. ಅರಮನೆ ಅಂಗಳದಲ್ಲಿ ಇದು ಆಗುವುದಿಲ್ಲ. ಕೇಳುಗರು ಹೀಗಿದ್ದರೆ ಹಾಡುವವರಿಗೂ ಹುಮ್ಮಸ್ಸು. ಅದಕ್ಕೇ ಜಾಗ ನೋಡಿ ಅಂತ ಹೇಳುವುದು.

ಎಂಟನೇ ಕ್ರಾಸಿನ ತೊಂದರೆಯನ್ನೂ ಹೇಳಿಬಿಡುತ್ತೇನೆ. ಭಾದ್ರಪದದ ಮಳೆ. ಜೋರಾಗಿ ಸುರಿದರೆ ಮೇಲಿನ ಶೀಟಿನ ಸದ್ದಿಗೆ ಮೆಲುದನಿ ಕೇಳಿಸುವುದಿಲ್ಲ. ಸ್ಕೂಟರ್ ನಿಲ್ಲಿಸಲು ಎರಡು ಮೂರು ಬೀದಿ ಸುತ್ತಬೇಕು. ಬೇಗ ಹೋಗಿ, ಸ್ಪೀಕರ್ ಎದುರಿನ ಸಾಲು ಬಿಟ್ಟು, ವೇದಿಕೆಗೆ ಮುಖ ಮಾಡಿದರೆ ನಿಮ್ಮ ಎಡಕ್ಕೆ ಬರುವ ಕಡೆ ಕೂತುಕೊಳ್ಳಿ. ಸಾಮಾನ್ಯವಾಗಿ ಮೃದಂಗದವರು ಕೂರುವುದು ಆ ಬದಿಯಲ್ಲಿ. ಬಲಗೈಯಲ್ಲಿ ನುಡಿಸುವವರಾದರೆ ಕರಣೆ (ಕಪ್ಪು ಲೇಪ) ಹಾಕಿದ ಮುಖ ಕೇಳುಗರ ಕಡೆಗೇ ಇರುತ್ತದೆ. ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನದಲ್ಲಿ ಬೆರಳು ಬೆರಳೂ ಕಾಣುತ್ತದೆ. ಮತ್ತೆ ಇನ್ನೊಂದು ಮಾತು, ತನಿ ಶುರುವಾದ ಕೂಡಲೇ ಕಾಫಿಗೆ ಏಳಬೇಡಿ. ಇಡೀ ಸಂಜೆ ಬೇರೆಯವರ ಹಾಡಿಗೆ ನುಡಿಸಿದವರಿಗೆ ಸಿಗುವ ಹದಿನೈದು ನಿಮಿಷ ಅದು.

ವೀಣೆಗೆ ಚಿಕ್ಕ ಸಭಾ

ಇದರ ಬಗ್ಗೆ ನನಗೆ ಹಟವಿದೆ. ಮೈಸೂರು ಅಂದರೆ ವೀಣೆ. ವೀಣೆ ಶೇಷಣ್ಣನವರ ಊರು ಇದು, ವೀಣೆ ದೊರೆಸ್ವಾಮಿ ಅಯ್ಯಂಗಾರರ ಊರು. ಆದರೆ ವೀಣೆಯನ್ನು ಕೇಳಲು ಗೊತ್ತಿರುವವರು ಕಮ್ಮಿಯಾಗುತ್ತಿರುವುದಕ್ಕೆ ಒಂದು ಕಾರಣ, ಅದನ್ನು ದೊಡ್ಡ ಮೈದಾನಗಳಲ್ಲಿ ಕೇಳಿಸುತ್ತಿರುವುದು. ವೀಣೆಯಲ್ಲಿ ಮೀಟು ಬೀಳುವುದು ಒಂದು ಸಲ. ಆಮೇಲೆ ತಂತಿ ಎಳೆದು ಎಳೆದು ಗಮಕ, ಅಂದರೆ ಸ್ವರದ ತೂಗಾಟ, ತೆಗೆಯುತ್ತಾರಲ್ಲ, ಆ ನಾದ ಕ್ಷಣ ಕ್ಷಣಕ್ಕೂ ಸಣ್ಣಗಾಗುತ್ತಾ ಹೋಗುತ್ತದೆ. ವೀಣೆಯ ಜೀವ ಇರುವುದು ಆ ಸಣ್ಣಗಾಗುವ ಭಾಗದಲ್ಲೇ. ಮೈದಾನದಲ್ಲಿ ನಿಮಗೆ ಮುಟ್ಟುವುದು ಮೀಟು ಮಾತ್ರ, ಟಣ್ ಟಣ್ ಅಂತ. ಉಳಿದದ್ದು ಗಾಳಿಗೆ ಹೋಯಿತು. ಅದನ್ನು ಸರಿಮಾಡಲು ಮೈಕಿನವರು ಸದ್ದು ಏರಿಸಿದರೆ ಬೆರಳು ವೀಣೆಯ ಮೆಟ್ಟಿಲ (ಅಡ್ಡಪಟ್ಟಿ) ಮೇಲೆ ಉಜ್ಜುವ ಕರಕರ ಕೂಡ ಏರುತ್ತದೆ.

ಕುವೆಂಪುನಗರದ ಗಾನಭಾರತಿಯ ಸಭಾಂಗಣಕ್ಕೆ ಶೇಷಣ್ಣನವರದೇ ಹೆಸರು, ವೀಣೆ ಶೇಷಣ್ಣ ಭವನ. ಜೆಎಲ್‌ಬಿ ರಸ್ತೆಯಲ್ಲಿ ನಾದಬ್ರಹ್ಮ ಸಂಗೀತ ಸಭಾ ಇದೆ. ದಸರಾದಲ್ಲಿ ಇವೆರಡು ಕಡೆಯೂ ಕಛೇರಿ ಹಾಕುತ್ತಾರೆ, ವರ್ಷದ ಉಳಿದ ದಿನಗಳಲ್ಲೂ ಕಾರ್ಯಕ್ರಮ ನಡೆಯುತ್ತದೆ. ವೀಣೆ, ಕೊಳಲು, ಸರೋದ್, ಹೊಸಬರ ಗಾಯನ ಇವನ್ನು ಇಂಥ ಕಡೆಯೇ ಕೇಳಿ. ಹೊಸಬರು ಹಾಡುವ ಸಂಜೆ ಎಷ್ಟೋ ಖುರ್ಚಿಗಳು ಖಾಲಿ ಇರುತ್ತವೆ ಅನ್ನುವುದು ಬೇಜಾರಿನ ಸಂಗತಿ, ಆದರೆ ನಿಮಗೆ ಮುಂದಿನ ಸಾಲು ಸಿಗುತ್ತದೆ. ಮುಂದಿನ ಸಾಲಿನಲ್ಲಿ ಕೂತರೆ ಮೈಕನ್ನೇ ಮರೆತು ಬರೀ ವಾದ್ಯ ಕೇಳಿಸುತ್ತದೆ.

ಎಲ್ಲ ಸಭಾಂಗಣವೂ ಚೆನ್ನಾಗಿರುತ್ತದೆ ಅಂತಲ್ಲ. ಊರಿನ ಒಂದು ಹಾಲ್‌ನಲ್ಲಿ ಪ್ರತಿ ಸಲವೂ ಶಿಳ್ಳೆ ಹೊಡೆಯುವ ಮೈಕು, ನಡುವೆ ನಿಲ್ಲಿಸಿ ಸನ್ಮಾನ, ಅರ್ಧ ಗಂಟೆ ಭಾಷಣ. ನಾನು ಅಲ್ಲಿಗೆ ಹೋಗುವುದನ್ನೇ ಬಿಟ್ಟೆ, ಎಂಥ ಹೆಸರಿದ್ದರೂ ಸರಿ. ಆಹ್ವಾನ ಪತ್ರಿಕೆಯಲ್ಲಿ ಪಕ್ಕವಾದ್ಯದವರ ಹೆಸರಿಗಿಂತ ಅತಿಥಿಗಳ ಹೆಸರು ಜಾಸ್ತಿ ಇದ್ದರೆ ಆ ಸಂಜೆ ಮನೆಯಲ್ಲಿ ಸಿಡಿ ಹಾಕಿಕೊಂಡು ಕೂರುವುದು ಒಳ್ಳೆಯದು.

ಯುವ ದಸರಾ: ಮುಂದೆ ಕೂರುವುದಾದರೆ ಮಾತ್ರ

ದಸರಾದ ಸಿನಿಮಾ ಹಾಡು, ಪಾಪ್ ಸಂಗೀತದ ಕಾರ್ಯಕ್ರಮವಾದ ಯುವ ದಸರಾ ಮೊದಲು ಮಹಾರಾಜ ಕಾಲೇಜು ಮೈದಾನದಲ್ಲಿ ನಡೆಯುತ್ತಿತ್ತು, ನಡೆದುಕೊಂಡು ಹೋಗಿ ನಡೆದುಕೊಂಡು ಬರಬಹುದಿತ್ತು. 2024ರಲ್ಲಿ ಊರಾಚೆ ಉತ್ತನಹಳ್ಳಿಯ ಹತ್ತಿರ ದೊಡ್ಡ ಜಾಗಕ್ಕೆ ಹೋಯಿತು. ಆ ವರ್ಷ ಶ್ರೇಯಾ ಘೋಷಾಲ್, ಎ.ಆರ್. ರೆಹಮಾನ್, ಇಳಯರಾಜಾ ಎಲ್ಲ ಬಂದರು. ಉಚಿತ ಜಾಗವೂ ಇತ್ತು, ಮುಂದಿನ ಜಾಗಕ್ಕೆ 8,000 ಮತ್ತು 5,000 ರೂಪಾಯಿಯ ಟಿಕೆಟ್ಟೂ ಇತ್ತು.

ಇಂಥ ಕಡೆ ಹಿಂದೆ ನಿಂತರೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೀವು ವೇದಿಕೆಯಿಂದ 170 ಮೀಟರ್ ಹಿಂದೆ ಇದ್ದರೆ ಅಲ್ಲಿನ ಸ್ಪೀಕರ್‌ನ ಸದ್ದು ನಿಮಗೆ ಅರ್ಧ ಸೆಕೆಂಡ್ ತಡವಾಗಿ ಬರುತ್ತದೆ. ಪರದೆಯಲ್ಲಿ ಗಾಯಕಿಯ ತುಟಿ ಮುಂದೆ ಹೋಗಿರುತ್ತದೆ, ದನಿ ಹಿಂದೆ ಬರುತ್ತದೆ. ನಡುವೆ ಇನ್ನೊಂದು ಸಾಲು ಸ್ಪೀಕರ್ ನಿಲ್ಲಿಸಿ ಅದನ್ನು ಸರಿಹೊಂದಿಸದೆ ಬಿಟ್ಟಿದ್ದರೆ ಒಂದೇ ಹಾಡು ಎರಡು ಸಲ ಕೇಳಿಸುತ್ತದೆ. ತಬಲಾದ ನುಡಿಗಳೆಲ್ಲ ಕಲಸಿಹೋಗಿ ಬರೀ ದಬದಬ ಉಳಿಯುತ್ತದೆ. ಜನರ ಜೊತೆ ಕೂಗಿ ಹಾಡಿ ಕುಣಿಯುವುದೇ ಉದ್ದೇಶವಾದರೆ ಅದೂ ಒಂದು ಸುಖ, ಗೆಳೆಯರ ಗುಂಪು ಕಟ್ಟಿಕೊಂಡು ಖಂಡಿತ ಹೋಗಿ. ಹಾಡು ಕೇಳುವುದು ಉದ್ದೇಶವಾದರೆ ಮುಂದೆ ಕೂರುವ ದಾರಿ ನೋಡಿ, ಇಲ್ಲದಿದ್ದರೆ ಬಿಡಿ. ಇಳಯರಾಜಾ ಅವರ ಹಾಡಿನಲ್ಲಿ ಹಿಂದೆ ಪಿಟೀಲುಗಳು ಒಂದರೊಳಗೆ ಒಂದು ಹೆಣೆದುಕೊಂಡು ಬರುತ್ತವಲ್ಲ, ಅದಕ್ಕೋಸ್ಕರ ದುಡ್ಡು ಕೊಟ್ಟರೆ ನಷ್ಟವೇನಿಲ್ಲ. ಬೀಟಿಗೆ ಕುಣಿಯುವ ರಾತ್ರಿಗೆ ಅಷ್ಟು ದುಡ್ಡು ಸುಮ್ನೆ.

ದುಡ್ಡಿಲ್ಲದವರು, ಮುಖ್ಯವಾಗಿ ಕಾಲೇಜು ಹುಡುಗರು, ಯುವ ದಸರಾಕ್ಕಿಂತ ಮುಂಚೆ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ನಡೆಯುವ ಯುವ ಸಂಭ್ರಮಕ್ಕೆ ಹೋಗಿ. ರಾಜ್ಯದ ಬೇರೆ ಬೇರೆ ಕಾಲೇಜುಗಳಿಂದ ಬಂದವರು ಹಾಡಿ ಕುಣಿಯುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಾಗ, ಹಾಗಾಗಿ ಹಿಂದೆ ಕೂತರೂ ಕಾಣುತ್ತದೆ.

ಬೆಂಗಳೂರಿಗೆ ಹೋಗುವುದೋ ಬೇಡವೋ

ರಾಮನವಮಿ ಒಂದಕ್ಕೆ ಹೋಗಿ. ಚಾಮರಾಜಪೇಟೆಯಲ್ಲಿ ಶ್ರೀರಾಮ ಸೇವಾ ಮಂಡಳಿಯವರ ಉತ್ಸವ 1939ರಿಂದ ನಡೆದುಬಂದಿದೆ, ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲ್ ಅಂದರೆ ಸಂಗೀತದವರಿಗೆಲ್ಲ ಗೊತ್ತು. ಸುಮಾರು ಒಂದು ತಿಂಗಳು ನಡೆಯುತ್ತದೆ, ಹಾಗಾಗಿ ಒಂದು ಶನಿವಾರ ನೋಡಿಕೊಂಡು ಹೋಗಬಹುದು. ಚೌಡಯ್ಯ ಸ್ಮಾರಕ ಭವನ ಇನ್ನೊಂದು ಬಗೆ. ಪಿಟೀಲಿನ ಆಕಾರದಲ್ಲೇ ಕಟ್ಟಿದ ಕಟ್ಟಡ, ನಮ್ಮ ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿ ಏಳು ತಂತಿಯ ಪಿಟೀಲು ನುಡಿಸಿದ ಟಿ. ಚೌಡಯ್ಯನವರ ಹೆಸರಿನದು. ಒಳಗೆ ಕೂತು ಕೇಳಲು ಹಿತವಾಗಿರುತ್ತದೆ. ಆದರೆ ಲೆಕ್ಕ ಹಾಕಿ. ಟಿಕೆಟ್ಟು, ಹೋಗಿಬರುವ ಖರ್ಚು, ಟೋಲು, ಹೊರಗೆ ಊಟ. ಎಕ್ಸ್‌ಪ್ರೆಸ್‌ವೇ ಆದಮೇಲೆ ಮಂಡ್ಯದವರಿಗೆ ಎರಡೂ ಊರು ಹತ್ತಿರವಾಗಿದೆ ನಿಜ, ಬೆಂಗಳೂರಿನ ಒಳಗಿನ ಟ್ರಾಫಿಕ್ ಮಾತ್ರ ಎಲ್ಲಿಗೂ ಹೋಗಿಲ್ಲ. ಕಛೇರಿ ಮುಗಿಸಿ ರೈಲು ಹಿಡಿಯಬೇಕು ಅಂತ ಪಲ್ಲವಿಯ ನಡುವೆ ಎದ್ದು ಬರುವುದಾದರೆ ಹೋಗಲೇಬೇಡಿ. ರಾತ್ರಿ ಉಳಿಯಲು ಯಾರಾದರೂ ಬಂಧುಗಳ ಮನೆ ಇದ್ದರೆ ಮಾತ್ರ ಬೆಂಗಳೂರು ಚೆನ್ನ.

ಅದಕ್ಕಿಂತ ಡಿಸೆಂಬರಿನಲ್ಲಿ ಚೆನ್ನೈಗೆ ಹೋಗುವುದು ಲಾಭ ಅನ್ನುತ್ತೇನೆ. ಮೈಸೂರಿನಿಂದ ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಚೆನ್ನೈ. ಮಾರ್ಗಳಿ ಸೀಸನ್ನಿನಲ್ಲಿ, ಅಂದರೆ ಅಲ್ಲಿನ ಆ ತಿಂಗಳ ಸಂಗೀತೋತ್ಸವದಲ್ಲಿ, ಬೆಳಿಗ್ಗೆಯಿಂದ ರಾತ್ರಿವರೆಗೂ ಸಭಾದಿಂದ ಸಭಾಕ್ಕೆ ನಡೆದುಕೊಂಡೇ ಹೋಗಬಹುದು. ಮಧ್ಯಾಹ್ನ ಹಾಡುವ ಕಿರಿಯರ ಕಛೇರಿಗಳು ಬಹಳ ಕಡೆ ಉಚಿತ. ಸಂಜೆಯ ದೊಡ್ಡ ಟಿಕೆಟ್ಟಿಗಿಂತ ಮಧ್ಯಾಹ್ನದವೇ ನನಗೆ ಇಷ್ಟ, ಅಲ್ಲಿ ಹಾಡುವವರಿಗೆ ಹಸಿವು ಇರುತ್ತದೆ.

ಜಾತ್ರೆಯ ರಾತ್ರಿ

ಸಭಾ, ಸೀಸನ್ನು ಅಂತ ಓಡಾಡುವವರು ಒಂದನ್ನು ಮರೆತುಬಿಡುತ್ತಾರೆ. ಮಂಡ್ಯ ಮೈಸೂರು ಸೀಮೆಗೆ ತನ್ನದೇ ರಾತ್ರಿ ಕಛೇರಿ ಇದೆ, ಅದು ನೀಲಗಾರರದು. ಈ ಸೀಮೆಯ ಸಂತ ಮಂಟೇಸ್ವಾಮಿಯ ಕಾವ್ಯ ಹಾಡುವವರು. ತಂಬೂರಿ, ಗಗ್ಗರ, ಡಕ್ಕೆ, ತಾಳ ಅವರ ವಾದ್ಯಗಳು. ಮುಂದಾಳು ಕಥೆ ಹೇಳುತ್ತಾ ಹೇಳುತ್ತಾ ಹಾಡಿಗೆ ಜಾರುತ್ತಾರೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ, ಆ ಸೊಲ್ಲು ಮುಗಿಯುವ ಮೊದಲೇ ಮುಂದಿನ ಸಾಲು ಬಂದು ಸೇರುತ್ತದೆ. ರಾತ್ರಿಯೆಲ್ಲ ಹಾಡುತ್ತಾರೆ. ಮಾದೇಶ್ವರನ ಕಾವ್ಯ ಹಾಡುವ ದೇವರಗುಡ್ಡರದು ಕಂಸಾಳೆ. ಬಟ್ಟಲಿನಂಥ ತಾಳ ಒಂದು ಕೈಯಲ್ಲಿ, ಚಪ್ಪಟೆ ತಾಳ ಇನ್ನೊಂದು ಕೈಯಲ್ಲಿ.

ಇದನ್ನು ವೇದಿಕೆಯ ಮೇಲೆ ಹತ್ತು ನಿಮಿಷದ ಜಾನಪದ ಕಾರ್ಯಕ್ರಮವಾಗಿ ನೋಡುವುದಕ್ಕೂ ಜಾತ್ರೆಯಲ್ಲಿ ಕೇಳುವುದಕ್ಕೂ ಅಜಗಜಾಂತರ. ವೇದಿಕೆಯಲ್ಲಿ ಕಂಸಾಳೆಯ ಕಸರತ್ತು ಕಾಣುತ್ತದೆ, ಕಥೆ ಕಾಣುವುದಿಲ್ಲ. ಶಿವರಾತ್ರಿ ಆದಮೇಲೆ ಕೆ.ಆರ್. ನಗರದ ಕಡೆ ಕಪ್ಪಡಿ ಜಾತ್ರೆ, ಜನವರಿಯ ಹುಣ್ಣಿಮೆಗೆ ಕೊಳ್ಳೇಗಾಲದ ಕಡೆ ಚಿಕ್ಕಲ್ಲೂರು ಜಾತ್ರೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆಯೇ ಇದೆ. ಕಂಬಳಿ ಒಯ್ಯಿರಿ, ನೀರು ಒಯ್ಯಿರಿ, ರೆಕಾರ್ಡ್ ಮಾಡುವ ಮುಂಚೆ ಅವರನ್ನು ಕೇಳಿ. ಅವರಿಗೆ ಅದು ಸೇವೆ. ಮುಂದೆ ಇಟ್ಟಿರುವ ಬಟ್ಟೆಯ ಮೇಲೆ ಕೈಲಾದಷ್ಟು ಹಾಕಿ. ಬೆಂಗಳೂರಿನ ಟಿಕೆಟ್ಟಿಗೆ ಕೊಡುವ ದುಡ್ಡನ್ನು ಇಲ್ಲಿ ಕೊಟ್ಟರೆ ಅದಕ್ಕಿಂತ ದೊಡ್ಡ ಸಂಗೀತ ಕೇಳಿ ಬರುತ್ತೀರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಆಲ್ಬಂ: ತಟ್ಟೆಯ ಅಳತೆ ನೋಡಿ

ಕಛೇರಿಗೆ ಜಾಗ ಹೇಗೋ ಆಲ್ಬಂಗೆ ಅದು ಅಚ್ಚಾದ ತಟ್ಟೆ (ರೆಕಾರ್ಡ್) ಹಾಗೆ. ಹಳೆಯ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದದ್ದು ಮೂರು ಮೂರೂವರೆ ನಿಮಿಷ. ಗಾಯಕಿ ಗೌಹರ್ ಜಾನ್ 1902ರಲ್ಲಿ ಕೋಲ್ಕತ್ತಾದಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದಾಗ ಒಂದು ರಾಗವನ್ನು ಅಷ್ಟರೊಳಗೇ ಕಟ್ಟಬೇಕಿತ್ತು. ಕೊನೆಗೆ ತಮ್ಮ ಹೆಸರನ್ನೂ ತಾವೇ ಹೇಳುತ್ತಿದ್ದರು. ಅವರ ಕೊನೆಯ ದಿನಗಳು ಕಳೆದದ್ದು ನಮ್ಮ ಊರಿನಲ್ಲೇ, ನಾಲ್ವಡಿಯವರ ಆಸ್ಥಾನದಲ್ಲಿ. 1930ರಲ್ಲಿ ಇಲ್ಲೇ ತೀರಿಕೊಂಡರು. ಆ ಹಳೇ ಮುದ್ರಣಗಳನ್ನು ಕೇಳುವಾಗ ಪರಪರ ಸದ್ದಿಗೆ ಬೇಜಾರಾಗಬೇಡಿ. ಮೂರು ನಿಮಿಷದಲ್ಲಿ ಏನೇನು ತುಂಬಿದ್ದಾರೆ ನೋಡಿ, ಈಗಿನವರು ಮುಕ್ಕಾಲು ಗಂಟೆಯಲ್ಲಿ ಮಾಡುವುದಕ್ಕಿಂತ ಕೆಲವು ಕಡೆ ಜಾಸ್ತಿ ಇದೆ.

ಎಲ್‌ಪಿ (ಲಾಂಗ್ ಪ್ಲೇ ತಟ್ಟೆ) ಬಂದಮೇಲೆ ಒಂದು ಮುಖಕ್ಕೆ ಇಪ್ಪತ್ತು ನಿಮಿಷದ ಮೇಲೆ ಸಿಕ್ಕಿತು. 1955ರಲ್ಲಿ ಸರೋದ್ ವಾದಕ ಅಲಿ ಅಕ್ಬರ್ ಖಾನರು ಅಮೆರಿಕದಲ್ಲಿ ಮಾಡಿದ ಎಲ್‌ಪಿಯಲ್ಲಿ ಒಂದು ಮುಖಕ್ಕೆ ಒಂದು ರಾಗ, ಶುರುವಿನಲ್ಲಿ ಪಿಟೀಲು ವಾದಕ ಯೆಹುದಿ ಮೆನುಹಿನ್ ಅವರ ಪರಿಚಯದ ಮಾತು. ಆಲಾಪಕ್ಕೆ ಉಸಿರಾಡಲು ಜಾಗ ಸಿಕ್ಕಿದ್ದು ಅಲ್ಲಿಂದ. ನಮ್ಮ ಪಂಡಿತ್ ರಾಜೀವ ತಾರಾನಾಥರು ಆ ಖಾನ್ ಸಾಹೇಬರ ಶಿಷ್ಯರು, ಮೈಸೂರಿನಲ್ಲೇ ಇದ್ದು 2024ರ ಜೂನ್‌ನಲ್ಲಿ ತೀರಿಕೊಂಡರು. ಗುರುವಿನದನ್ನು ಮೊದಲು ಕೇಳಿ, ಆಮೇಲೆ ಶಿಷ್ಯರ ಸರೋದ್ ಹಾಕಿ. ಮೀಟಿನ ತೂಕ ಒಬ್ಬರಿಂದ ಒಬ್ಬರಿಗೆ ಹೇಗೆ ಬಂದಿದೆ ಅಂತ ಯಾರೂ ವಿವರಿಸುವುದೇ ಬೇಡ.

ಸಿಡಿಯಲ್ಲಿ 74ರಿಂದ 80 ನಿಮಿಷ. ಅಂದರೆ ಒಂದು ರಾಗ ತಾನ ಪಲ್ಲವಿ ತನಿಯ ಸಮೇತ ಪೂರ್ತಿ ಹಿಡಿಯುತ್ತದೆ. ಹಾಗಾಗಿ ಕರ್ನಾಟಕ ಸಂಗೀತದ ಕಛೇರಿ ರೆಕಾರ್ಡಿಂಗ್‌ಗೆ ನನ್ನ ಆಯ್ಕೆ ಸಿಡಿ. ಜೊತೆಗೆ ಬರುವ ಪುಟ್ಟ ಪುಸ್ತಕದಲ್ಲಿ ರಾಗ, ತಾಳ, ಪಕ್ಕವಾದ್ಯದವರ ಹೆಸರು ಎಲ್ಲ ಇರುತ್ತದೆ. ಫೋನಿನ ಆ್ಯಪ್‌ಗಳಲ್ಲಿ ಸಿಗದೇ ಇರುವುದು ಇದೇ. ಘಟ ನುಡಿಸಿದವರು ಯಾರು ಅಂತ ಹುಡುಕಿ ಹುಡುಕಿ ಸಾಕಾಗುತ್ತದೆ. ಆಲಾಪನೆ ಒಂದು ಟ್ರ್ಯಾಕು, ಕೃತಿ ಇನ್ನೊಂದು, ತನಿ ಮತ್ತೊಂದು ಅಂತ ತುಂಡು ಮಾಡಿರುತ್ತಾರೆ. ಷಫಲ್ ಒತ್ತಿದರೆ ಮಂಗಳ ಮೊದಲು ಬರುತ್ತದೆ! ಆದರೂ ಹೊಸ ಕಲಾವಿದರನ್ನು ರುಚಿ ನೋಡಲು ಆ್ಯಪ್‌ಗಿಂತ ಸುಲಭ ಬೇರೆ ಇಲ್ಲ. ಅಲ್ಲಿ ಕೇಳಿ, ಹಿಡಿಸಿದರೆ ಕೊಳ್ಳಿ.

ಎಲ್‌ಪಿ ಮತ್ತೆ ಫ್ಯಾಷನ್ ಆಗಿದೆ. ಪ್ಲೇಯರ್, ಸೂಜಿ, ತಟ್ಟೆ ಎಲ್ಲ ಸೇರಿ ದುಬಾರಿ. ನಮ್ಮ ಮಳೆಗಾಲದ ತೇವಕ್ಕೆ ತಟ್ಟೆಗೆ ಬೂಷ್ಟು ಹಿಡಿಯುತ್ತದೆ, ಮಲಗಿಸದೆ ನಿಲ್ಲಿಸಿ ಇಡಬೇಕು. ಮನೆಯಲ್ಲಿ ಅಜ್ಜನ ಕಾಲದ ತಟ್ಟೆಗಳು ಇದ್ದರೆ ಪ್ಲೇಯರ್ ಕೊಳ್ಳಿ, ಇಲ್ಲದಿದ್ದರೆ ಆ ದುಡ್ಡಿಗೆ ಒಳ್ಳೆಯ ಹೆಡ್‌ಫೋನ್ ಬರುತ್ತದೆ.

ಸ್ಟುಡಿಯೋ ಆಲ್ಬಮ್ಮೋ ಲೈವ್ ಆಲ್ಬಮ್ಮೋ ಅನ್ನುವುದು ಇನ್ನೊಂದು ಪ್ರಶ್ನೆ. ಶಾಸ್ತ್ರೀಯಕ್ಕೆ ಕಣ್ಣು ಮುಚ್ಚಿಕೊಂಡು ಲೈವ್ ತೆಗೆದುಕೊಳ್ಳಿ. 1976ರಲ್ಲಿ ಬಂದ, ನಮ್ಮ ಶಾಸ್ತ್ರೀಯಕ್ಕೆ ಜಾಝ್ ಬೆರೆಸಿದ ಶಕ್ತಿ ತಂಡದ ಮೊದಲ ಆಲ್ಬಂ ಲೈವ್. ಝಾಕಿರ್ ಹುಸೇನರ ತಬಲಾ, ವಿಕ್ಕು ವಿನಾಯಕರಾಂ ಅವರ ಘಟ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುವುದು, ಕೇಳುಗರು ತಡೆಯಲಾಗದೆ ಕೂಗುವುದು, ಎಲ್ಲ ಅದರಲ್ಲಿದೆ. ಝಾಕಿರ್ ಹೋದಮೇಲೆ ನಾನು ಮತ್ತೆ ಮತ್ತೆ ಹಾಕಿಕೊಂಡದ್ದು ಅದನ್ನೇ. 2023ರಲ್ಲಿ ಅದೇ ತಂಡದ ಸ್ಟುಡಿಯೋ ಆಲ್ಬಂ ಬಂತು, ಗ್ರ್ಯಾಮಿಯೂ ಸಿಕ್ಕಿತು, ತುಂಬಾ ನಯವಾಗಿದೆ. ಆದರೂ ಎರಡರಲ್ಲಿ ಒಂದೇ ಅಂದರೆ ನನಗೆ ಹಳೆಯದು.

ಭಾವಗೀತೆಗೆ ಮಾತ್ರ ಇದನ್ನು ತಿರುಗಿಸಿ. ಅಲ್ಲಿ ಸ್ಟುಡಿಯೋನೇ ಸರಿ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ "ನಿತ್ಯೋತ್ಸವ" ಬಂತು, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟು. ಅದರಲ್ಲಿ ಮಾತು ಮುಂದೆ, ವಾದ್ಯ ಹಿಂದೆ. ಈಗಿನ ಸುಗಮ ಸಂಗೀತದ ವೇದಿಕೆಗಳಲ್ಲಿ ರಿದಂ ಪ್ಯಾಡ್ ಅಬ್ಬರಕ್ಕೆ ಕವಿತೆಯ ಅರ್ಧ ಸಾಲು ಮುಳುಗುತ್ತದೆ. ಕವಿತೆ ಕೇಳಿಸದಿದ್ದರೆ ಭಾವಗೀತೆ ಯಾಕೆ, ಅಲ್ವಾ? ಇನ್ನು ಮೈಸೂರಿನಲ್ಲೇ ಬೆಳೆದ ರಘು ದೀಕ್ಷಿತ್ ಅಂಥವರ ಹಾಡುಗಳನ್ನು ಆಲ್ಬಂನಲ್ಲಿ ಕಲಿತು ಮೈದಾನದಲ್ಲಿ ಹಾಡಬೇಕು, ಎರಡೂ ಬೇಕು.

ಯಾವುದಕ್ಕೂ ದುಡ್ಡಿಲ್ಲದ ತಿಂಗಳಲ್ಲಿ ಆಕಾಶವಾಣಿ ಇದೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ಶುರು ಮಾಡಿದ ಮೈಸೂರು ನಿಲಯ. ಹಳೇ ಕಛೇರಿಗಳು ಆಗಾಗ ಬರುತ್ತವೆ, ಕಾಸು ಖರ್ಚಿಲ್ಲ.

ಈಗ ದುಡ್ಡು ಮತ್ತು ಸಂಜೆಗಳನ್ನು ಹಂಚುವ ಲೆಕ್ಕ. ಹೊಸದಾಗಿ ಕೇಳಲು ಶುರು ಮಾಡಿದವರು ಎಂಟನೇ ಕ್ರಾಸಿಗೆ ಹೋಗಿ, ಹಿಡಿಸಿದ ರಾಗದ ಹೆಸರು ಪಕ್ಕದವರನ್ನು ಕೇಳಿ ಬರೆದುಕೊಂಡು, ಮನೆಗೆ ಬಂದು ಅದೇ ರಾಗವನ್ನು ಆ್ಯಪ್‌ನಲ್ಲಿ ಬೇರೆಯವರ ದನಿಯಲ್ಲಿ ಕೇಳಿ. ಇದಕ್ಕೆ ಖರ್ಚೇ ಇಲ್ಲ. ಎರಡು ಮೂರು ವರ್ಷದಿಂದ ಕೇಳುತ್ತಿರುವವರು ದಸರಾದಲ್ಲಿ ಅರಮನೆಗೆ ಒಂದೇ ಸಂಜೆ ಇಟ್ಟು ಉಳಿದದ್ದನ್ನೆಲ್ಲ ಚಿಕ್ಕ ಸಭಾಂಗಣಗಳಿಗೆ ಕೊಡಿ, ವರ್ಷಕ್ಕೊಮ್ಮೆ ರಾಮನವಮಿ ಅಥವಾ ಚೆನ್ನೈ, ಎರಡೂ ಬೇಡ. ಎಲ್ಲ ಕೇಳಿ ಮುಗಿಸಿದೆ ಅನ್ನುವವರು ಕಪ್ಪಡಿಗೆ ಹೋಗಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಪೊಲೀಸ್ ಬ್ಯಾಂಡಿನಿಂದ ಶುರು ಮಾಡಿ. ವಯಸ್ಸಾದವರನ್ನು ಕರೆದೊಯ್ಯುವುದಾದರೆ ಕೂರಲು ಬೆನ್ನಿರುವ ಖುರ್ಚಿ, ಹತ್ತಿರ ಶೌಚಾಲಯ ಇದೆಯಾ ಅಂತ ಮೊದಲು ವಿಚಾರಿಸಿ, ಕಾರ್ಯಕ್ರಮ ಆಮೇಲೆ ನೋಡಿ. ಕಛೇರಿ ಆದಮೇಲೆ ಹೊರಗೆ ಮೇಜಿನ ಮೇಲೆ ಕಲಾವಿದರ ಸಿಡಿ ಇಟ್ಟಿದ್ದರೆ ಅಲ್ಲೇ ಕೊಳ್ಳಿ, ದುಡ್ಡು ನೇರ ಅವರಿಗೆ ಸೇರುತ್ತದೆ, ಪಕ್ಕವಾದ್ಯದವರ ಹತ್ತಿರವೂ ಸಹಿ ಹಾಕಿಸಿಕೊಳ್ಳಿ. ದಸರಾದ ಪಟ್ಟಿ ಬರುವುದು ತಡ, ಎಷ್ಟೋ ಸಲ ಹಬ್ಬ ಹತ್ತಿರ ಬಂದಮೇಲೇ ಪೂರ್ತಿ ಗೊತ್ತಾಗುತ್ತದೆ. ಹಾಗಾಗಿ ಆ ಹತ್ತು ದಿನಕ್ಕೆ ಬೇರೆ ಊರಿನ ಟಿಕೆಟ್ ಏನನ್ನೂ ಮೊದಲೇ ತೆಗೆದಿಡಬೇಡಿ.